ಮರಿಗೆ ಮನೆ ಹುಡುಕುವ ಮುನ್ನ ತಾಯಿಯ ಆಪರೇಷನ್

ಬೊರಿವಲಿ ಪಶ್ಚಿಮದ ಹಳೆಯ ಕಟ್ಟಡಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ಬಾಭಯಿ, ಶಿಂಪೋಲಿ, ಐಸಿ ಕಾಲೊನಿ, ಯೋಗಿನಗರ ಎಂದು ಯಾವ ಓಣಿಗೆ ಹೋದರೂ ತಗಡಿನ ಬೇಲಿ, ಅದರ ಮೇಲೆ ಬಿಲ್ಡರ್‌ನ ಹೆಸರು. ಮೂರು ನಾಲ್ಕು ಮಾಳಿಗೆಯ ಈ ಸೊಸೈಟಿಗಳಲ್ಲಿ ಮನುಷ್ಯರಷ್ಟೇ ಇರಲಿಲ್ಲ. ಮೆಟ್ಟಿಲಿನ ಕೆಳಗೆ, ಮೀಟರ್ ಕೋಣೆಯಲ್ಲಿ, ನೀರಿನ ಪಂಪಿನ ಮಗ್ಗುಲಲ್ಲಿ ಬೆಕ್ಕುಗಳ ಸಂಸಾರವೂ ಇತ್ತು. ಪುನರಾಭಿವೃದ್ಧಿಯ ಒಪ್ಪಂದದಲ್ಲಿ ಸದಸ್ಯರಿಗೆ ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಖರ್ಚು, ಕಾರ್ಪಸ್ ನಿಧಿ ಎಲ್ಲವೂ ಪೈಸೆ ಲೆಕ್ಕದಲ್ಲಿ ಬರೆದಿರುತ್ತದೆ. ಕಾಂಪೌಂಡಿನ ಬೆಕ್ಕುಗಳ ಬಗ್ಗೆ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ಹತ್ತು ವರ್ಷ ಅನ್ನ ಹಾಕಿದವರು ಕಾಂದಿವಲಿಗೋ ಮೀರಾ ರೋಡಿಗೋ ಬಾಡಿಗೆ ಮನೆಗೆ ಹೋಗುತ್ತಾರೆ. ಬೆಕ್ಕು ಮಾತ್ರ ತನ್ನ ಜಾಗ ಬಿಟ್ಟು ಹೋಗುವುದಿಲ್ಲ. ಕಟ್ಟಡ ಒಡೆಯುವ ಯಂತ್ರ ಬಂದ ದಿನ ಅದು ಪಕ್ಕದ ಸೊಸೈಟಿಗೆ ಹಾರುತ್ತದೆ. ಅಲ್ಲಿ ಮೊದಲೇ ಇರುವ ಬೆಕ್ಕುಗಳ ಜೊತೆ ಕಾದಾಟ, ಅಲ್ಲಿನ ಸದಸ್ಯರ ದೂರು, ಸೆಕ್ರೆಟರಿಯ ನೋಟಿಸು.

ಇದರ ಜೊತೆಗೇ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಫೋಟೊಗಳು ಹರಿದಾಡುತ್ತವೆ. ಮೂರು ಮರಿಗಳಿವೆ, ಯಾರಿಗಾದರೂ ಬೇಕೇ? ಕಳಿಸುವವರ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಮರಿಗಳಿಗೆ ಮನೆ ಸಿಕ್ಕಿತೆಂದರೆ ಗುಂಪಿನಲ್ಲಿ ಸಂಭ್ರಮ. ಆದರೆ ಆ ಫೋಟೊಗಳಲ್ಲಿ ತಾಯಿಬೆಕ್ಕು ಕಾಣುವುದು ಅಪರೂಪ. ಎರಡು ಮೂರು ತಿಂಗಳಾಗುವಷ್ಟರಲ್ಲಿ ಅದೇ ಮೀಟರ್ ಕೋಣೆಯಿಂದ ಅದೇ ತಾಯಿಯ ಇನ್ನೊಂದು ಸೂಲಿನ ಫೋಟೊ ಬರುತ್ತದೆ.

ದತ್ತು ಕೊಡುವುದರಿಂದ ಆ ಮೂರು ಮರಿಗಳ ಬದುಕು ಬದಲಾಗುತ್ತದೆ, ಬೀದಿಯ ಲೆಕ್ಕ ಬದಲಾಗುವುದಿಲ್ಲ. ಬೀದಿಯ ಲೆಕ್ಕ ಬದಲಾಗಬೇಕಾದರೆ ಮೊದಲು ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಬೇಕು. ಬೆಕ್ಕಿನ ದೇಹಧರ್ಮ ನೋಡಿದರೆ ಕಾರಣ ತಿಳಿಯುತ್ತದೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭಾವಧಿ ಸುಮಾರು 63ರಿಂದ 65 ದಿನ. ಗಂಡಿನ ಜೊತೆ ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುವ ಪ್ರಾಣಿ ಇದು, ಆದ್ದರಿಂದ ಗರ್ಭ ನಿಲ್ಲುವ ಸಾಧ್ಯತೆ ಬಹಳ ಹೆಚ್ಚು. ಮರಿಗಳಿಗೆ ಹಾಲೂಡುತ್ತಿರುವಾಗಲೇ ಮತ್ತೆ ಬಸುರಾಗಬಲ್ಲದು. ಹಗಲು ಕಿರಿದಾದಾಗ ಬೆದೆ ನಿಲ್ಲುತ್ತದೆ. ಯುರೋಪಿನ ಚಳಿಗಾಲದಲ್ಲಿ ಹಾಗಾಗುತ್ತದೆ. ಮುಂಬಯಿಯಲ್ಲಿ ಡಿಸೆಂಬರ್‌ನಲ್ಲೂ ಹಗಲು ಸುಮಾರು ಹನ್ನೊಂದು ಗಂಟೆ ಇರುವುದರಿಂದ ಬೆಕ್ಕಿಗೆ ಇಲ್ಲಿ ಹೆಚ್ಚೂಕಡಿಮೆ ವರ್ಷವಿಡೀ ಬಾಣಂತನ.

ಹುಟ್ಟಿದ್ದೆಲ್ಲ ಬದುಕುತ್ತದೆಯೇ? ಇಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಹೊರಗೆ ಅಲೆಯುವ ಬೆಕ್ಕುಗಳ ಮರಿಗಳನ್ನು ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. 169 ಮರಿಗಳಲ್ಲಿ 127 ಮರಿಗಳು ಆರು ತಿಂಗಳು ತುಂಬುವ ಮೊದಲೇ ಸತ್ತಿದ್ದವು ಅಥವಾ ಕಾಣೆಯಾಗಿದ್ದವು. ಮುಂಬಯಿಯ ಮಳೆಗಾಲವನ್ನು ಕಂಡವರಿಗೆ ಈ ಅಂಕಿ ಆಶ್ಚರ್ಯ ಹುಟ್ಟಿಸದು. ನೀರು ನುಗ್ಗುವ ಗಟಾರ, ಬೆಚ್ಚಗಿದೆಯೆಂದು ಮರಿ ಹೊಕ್ಕು ಕೂರುವ ಕಾರಿನ ಎಂಜಿನ್, ಎರಡೇ ದಿನದಲ್ಲಿ ಸೂಲಿಗೆ ಸೂಲನ್ನೇ ಒಯ್ಯುವ ಪ್ಯಾನ್‌ಲ್ಯುಕೋಪೆನಿಯಾ ಎಂಬ ವಾಂತಿಭೇದಿಯ ರೋಗ. ಪ್ರಕೃತಿ ತಾನೇ ಸಂಖ್ಯೆಯನ್ನು ಹದದಲ್ಲಿಡುತ್ತದೆ ಎನ್ನುವವರು ಅದು ಯಾವ ರೀತಿಯಲ್ಲಿ ಇಡುತ್ತದೆ ಎಂಬುದನ್ನು ಒಂದು ಜುಲೈ ತಿಂಗಳು ಕಣ್ಣುಬಿಟ್ಟು ನೋಡಬೇಕು.

ನಮ್ಮ ಮುಂಬಯಿ ಕನ್ನಡಿಗರಲ್ಲಿ ಇನ್ನೊಂದು ರೂಢಿ ಇದೆ. ಬೆಕ್ಕನ್ನು ಕೊಂದರೆ ಮಹಾಪಾಪ ಎಂಬ ಭಯ ನಮಗೆ ಬಾಲ್ಯದಿಂದಲೇ ಬಂದಿದೆ. ಹಾಗಾಗಿ ಕೊಲ್ಲುವುದಿಲ್ಲ. ಗೋಣಿಚೀಲದಲ್ಲಿ ಹಾಕಿ ಹೊಳೆಯಾಚೆ ಬಿಟ್ಟು ಬರುತ್ತೇವೆ. ದಕ್ಷಿಣ ಕನ್ನಡ, ಉಡುಪಿಯ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಇದು ಗೊತ್ತು. ಮೀನು ಮಾರುಕಟ್ಟೆಯ ಬಳಿ ಬಿಟ್ಟರೆ ಹೊಟ್ಟೆಗೆ ಕೊರತೆಯಾಗದು ಎಂದು ಹಿರಿಯರು ಸಮಾಧಾನ ಹೇಳುತ್ತಿದ್ದರು. ಹೋಟೆಲ್, ಬ್ಯಾಂಕ್, ಗಿರಣಿಯ ಕೆಲಸ ಹುಡುಕಿ ಮುಂಬಯಿಗೆ ಬಂದಾಗ ಈ ಸಮಾಧಾನವೂ ನಮ್ಮ ಜೊತೆ ಬಂತು. ಇಲ್ಲಿ ಹೊಳೆಯ ಬದಲು ಸ್ಟೇಷನ್ ಹತ್ತಿರದ ಮಾರುಕಟ್ಟೆ, ಗೊರಾಯಿ ಖಾಡಿಯ ದಂಡೆ, ಇಲ್ಲವೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚು.

ಇದರಲ್ಲಿ ಕರುಣೆ ಇಲ್ಲ. ಮಾರುಕಟ್ಟೆಯಲ್ಲಿ ಪ್ರತಿ ಕಟ್ಟೆಗೂ ಮೊದಲೇ ಒಡೆಯ ಬೆಕ್ಕುಗಳಿವೆ. ಲಸಿಕೆ ಕಾಣದ ಮನೆಯ ಮರಿ ಅಲ್ಲಿ ಕಚ್ಚಿಸಿಕೊಂಡು, ರೋಗ ಹತ್ತಿಸಿಕೊಂಡು ಸಾಯುತ್ತದೆ. ಕಾಡಿನಂಚಿನ ಕಥೆ ಇನ್ನೂ ಕೆಟ್ಟದ್ದು. ಸುಮಾರು 104 ಚದರ ಕಿಲೋಮೀಟರಿನ ಆ ಉದ್ಯಾನದಲ್ಲಿ ಚಿರತೆಗಳಿವೆ. ಬಿಟ್ಟುಹೋದ ಸಾಕುಪ್ರಾಣಿ ಅವಕ್ಕೆ ಸುಲಭದ ಬೇಟೆ, ಚಿರತೆಯನ್ನು ಜನವಸತಿಯ ಹತ್ತಿರ ಕರೆಯುವ ಆಮಿಷ ಕೂಡ. ನಾಡಬೆಕ್ಕಿನ ರೋಗಗಳು ಕಾಡಿನ ಬೆಕ್ಕಿನ ಜಾತಿಗಳಿಗೂ ಅಂಟಬಲ್ಲವು.

ಹೀಗೆ ಬಿಟ್ಟುಬರುವುದನ್ನು ಕಾನೂನೂ ಒಪ್ಪುವುದಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಆದರೆ ಮೊದಲ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ! ದಶಕಗಳ ಹಿಂದಿನ ಆ ಮೊತ್ತ ಇಂದು ಯಾರನ್ನೂ ಹೆದರಿಸದು. ಸಂಸತ್ತು ಇದನ್ನು ತಿದ್ದಲೇಬೇಕು. ಬೆಕ್ಕನ್ನು ಕೊಲ್ಲುವವರಿಗೆ, ಅಂಗಹೀನ ಮಾಡುವವರಿಗೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಸೆರೆವಾಸದ ಅವಕಾಶವಿದೆ ಎಂಬುದನ್ನೂ ಸೊಸೈಟಿಯ ಪದಾಧಿಕಾರಿಗಳು ತಿಳಿದಿರಲಿ.

ಸರ್ಕಾರದ ಕಣ್ಣಿಗೆ ಬೆಕ್ಕು ಬಿದ್ದದ್ದು ಬಹಳ ತಡವಾಗಿ. ನಾಯಿಗಳ ಸಂತಾನ ನಿಯಂತ್ರಣಕ್ಕೆ 2001ರಲ್ಲೇ ನಿಯಮಗಳು ಬಂದವು, 2023ರಲ್ಲಿ ಅವು ಹೊಸದಾದವು. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟಿನ ಆದೇಶಗಳು ಹೊರಬಿದ್ದಾಗ ದೇಶವೆಲ್ಲ ಅದನ್ನೇ ಚರ್ಚಿಸಿತು. ಬೆಕ್ಕುಗಳ ಮಾತು ಎಲ್ಲೂ ಬರಲಿಲ್ಲ. 2019ರ ಇಪ್ಪತ್ತನೇ ಜಾನುವಾರು ಗಣತಿ ಬೀದಿನಾಯಿಗಳನ್ನು ಎಣಿಸಿತು, ಒಂದೂವರೆ ಕೋಟಿಗೂ ಹೆಚ್ಚು ಎಂದಿತು. ಬೆಕ್ಕುಗಳಿಗೆ ಅದರಲ್ಲಿ ಕಾಲಮ್ಮೇ ಇರಲಿಲ್ಲ. ಎಣಿಸದ ಪ್ರಾಣಿಗೆ ಬಜೆಟ್ ಎಲ್ಲಿಂದ ಬರಬೇಕು? ಇಂಥ ಹಿನ್ನೆಲೆಯಲ್ಲಿ ಮುಂಬಯಿ ಮಹಾನಗರಪಾಲಿಕೆ 2019ರಲ್ಲಿ ಪ್ರಾಣಿ ಕಲ್ಯಾಣ ಸಂಸ್ಥೆಗಳ ಮೂಲಕ ಬೀದಿಬೆಕ್ಕುಗಳ ಸಂತಾನಹರಣ ಆರಂಭಿಸಿದ್ದು ಮೆಚ್ಚತಕ್ಕ ಹೆಜ್ಜೆ. ಪರೇಲಿನಲ್ಲಿ 1883ರಿಂದಲೂ ನಡೆಯುತ್ತಿರುವ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ. ಮಲಾಡಿನಲ್ಲಿ ಅಹಿಂಸಾ ಸಂಸ್ಥೆಯ ಆಸ್ಪತ್ರೆ ಇದೆ. ಬೆಕ್ಕುಗಳಿಗಾಗಿಯೇ ದುಡಿಯುವ ಫೆಲೈನ್ ಫೌಂಡೇಶನ್ ಇದೆ. ಆದರೂ ಬೊರಿವಲಿಯ ಗೃಹಿಣಿಯೊಬ್ಬಳು ಪಂಜರದಲ್ಲಿ ಬೆಕ್ಕು ಹಿಡಿದು, ರಿಕ್ಷಾ ಮಾಡಿ, ಸರತಿಯಲ್ಲಿ ಕಾದು, ಆಪರೇಷನ್ ನಂತರ ಕೆಲವು ದಿನ ಮನೆಯಲ್ಲಿ ನೋಡಿಕೊಂಡು ಮತ್ತೆ ಕಾಂಪೌಂಡಿಗೆ ಬಿಡುವುದೆಂದರೆ ಸಣ್ಣ ಕೆಲಸವಲ್ಲ. ಪ್ರತಿ ವಾರ್ಡಿನಲ್ಲೂ ಬೆಕ್ಕು ಹಿಡಿಯುವ ಪಂಜರ ಎರವಲು ಸಿಗಬೇಕು, ವಾರದಲ್ಲಿ ನಿಗದಿತ ದಿನ ಸಾಗಿಸುವ ವಾಹನ ಬರಬೇಕು. ಪಾಲಿಕೆಯನ್ನು ನಾವು ಕೇಳಬೇಕಾದದ್ದು ಇದನ್ನೇ.

ಸಂತಾನಹರಣ ಪಾಪ ಎನ್ನುವವರೂ ಬೊರಿವಲಿಯಲ್ಲಿ ಸಿಗುತ್ತಾರೆ. ಅಹಿಂಸೆಯನ್ನು ನಿಷ್ಠೆಯಿಂದ ಪಾಲಿಸುವ ಮನೆಗಳು ಇಲ್ಲಿ ಬಹಳ. ಪ್ರಾಣಿಯ ಸಹಜ ಬದುಕನ್ನು ನಾವೇಕೆ ಕತ್ತರಿಸಬೇಕು, ಒಮ್ಮೆಯಾದರೂ ಅದು ತಾಯಿಯಾಗಲಿ ಎನ್ನುತ್ತಾರೆ. ಈ ಮಾತಿನ ಹಿಂದಿನ ಮೃದುತ್ವವನ್ನು ನಾನು ಗೌರವಿಸುತ್ತೇನೆ, ಮಾತನ್ನು ಒಪ್ಪಲಾರೆ. ಒಮ್ಮೆ ತಾಯಿಯಾಗುವುದರಿಂದ ಬೆಕ್ಕಿನ ಆರೋಗ್ಯಕ್ಕೆ ಏನೂ ಲಾಭವಿಲ್ಲ. ಆರು ತಿಂಗಳಿಗೆ ಮೊದಲೇ ಶಸ್ತ್ರಚಿಕಿತ್ಸೆಯಾದ ಹೆಣ್ಣು ಬೆಕ್ಕಿಗೆ ಸ್ತನದ ಕ್ಯಾನ್ಸರ್ ಬರುವ ಅಪಾಯ ಶೇ 91ರಷ್ಟು ಇಳಿಯುತ್ತದೆಂದು 2005ರ ಅಧ್ಯಯನ ತೋರಿಸಿದೆ. ನಾಲ್ಕು ಮರಿಗಳು ಒಂದರ ಹಿಂದೊಂದು ಸಾಯುವುದನ್ನು ನೋಡುವುದಕ್ಕಿಂತ ಅವು ಹುಟ್ಟದಂತೆ ನೋಡಿಕೊಳ್ಳುವುದರಲ್ಲಿ ಹೆಚ್ಚಿನ ಅಹಿಂಸೆ ಇದೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ದತ್ತು ಬೇಡವೆಂದಲ್ಲ. ಸಂತಾನಹರಣ, ದತ್ತು ಎರಡೂ ಜೊತೆಯಾದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಆವರಣ ಸಾಕ್ಷಿ. ಅಲ್ಲಿ 1991ರಿಂದ ಹನ್ನೊಂದು ವರ್ಷ ಬೆಕ್ಕುಗಳನ್ನು ಹಿಡಿದು, ಸಂತಾನಹರಣ ಮಾಡಿಸಿ, ಪಳಗಿದವನ್ನು ದತ್ತು ಕೊಟ್ಟರು. ಒಟ್ಟು 155 ಬೆಕ್ಕುಗಳಲ್ಲಿ ಶೇ 47ರಷ್ಟು ಮನೆ ಸೇರಿದವು. 1995ರ ನಂತರ ಆವರಣದಲ್ಲಿ ಮರಿಯೇ ಹುಟ್ಟಲಿಲ್ಲ. 1996ರಲ್ಲಿ 68 ಇದ್ದ ಬೆಕ್ಕುಗಳು 2002ರ ಹೊತ್ತಿಗೆ 23 ಆಗಿದ್ದವು. ಕಾಂಪೌಂಡ್ ಗೋಡೆ ಇರುವ ಮುಂಬಯಿಯ ಸೊಸೈಟಿಗೂ ಇದು ಸಾಧ್ಯ. ಬೆಕ್ಕುಗಳನ್ನು ಹಿಡಿದು ದೂರ ಸಾಗಿಸಿದರೆ ಮಾತ್ರ ಆಗದು, ಖಾಲಿಯಾದ ಜಾಗಕ್ಕೆ ಹೊಸ ಬೆಕ್ಕುಗಳು ಬಂದು ಸೇರುತ್ತವೆ.

ದತ್ತು ತೆಗೆದುಕೊಳ್ಳುವವರು ಅವಸರ ಪಡಬಾರದು. ಮರಿ ಒಂಟಿಯಾಗಿ ಕೂಗುತ್ತಿದೆ ಎಂದು ಕೂಡಲೇ ಎತ್ತಿಕೊಳ್ಳುವುದು ತಪ್ಪು. ತಾಯಿ ಆಹಾರಕ್ಕೆಂದು ಗಂಟೆಗಟ್ಟಲೆ ಹೋಗಿರುತ್ತದೆ. ದೂರ ನಿಂತು ಕಾಯಬೇಕು. ಕಣ್ಣು ಬಿಡದ ಮರಿಗೆ ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು, ಮೈಗೆ ಶಾಖ ಬೇಕು, ಒದ್ದೆ ಹತ್ತಿಯಿಂದ ಒರೆಸದೆ ಅದು ಮೂತ್ರವನ್ನೂ ಮಾಡಲಾರದು. ತಾಯಿ ಮಾಡುವ ಈ ಕೆಲಸವನ್ನು ಬೆಳಗಿನ ಲೋಕಲ್ ಹಿಡಿಯುವ ಮನುಷ್ಯನಿಂದ ಮಾಡಲಾಗದು. ಕನಿಷ್ಠ ಎಂಟು ವಾರ, ಸಾಧ್ಯವಾದರೆ ಹನ್ನೆರಡು ವಾರ ಮರಿ ತಾಯಿಯ ಬಳಿ ಇರಲಿ. ಹಸುವಿನ ಹಾಲು ಕೊಡಬೇಡಿ, ಅದರಿಂದ ಭೇದಿಯಾಗಿ ಸಣ್ಣ ಮರಿಗಳು ಸಾಯುತ್ತವೆ. ತೆನಾಲಿ ರಾಮನ ಬೆಕ್ಕು ಹಾಲು ಕಂಡು ಓಡಿದ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ನಿಜದ ಮರಿ ಓಡುವುದಿಲ್ಲ, ಕೊಟ್ಟದ್ದನ್ನು ಕುಡಿದುಬಿಡುತ್ತದೆ.

ಮನೆಗೆ ಬಂದ ಮರಿಗೆ ವಯಸ್ಸಿನ ಎಂಟನೇ ವಾರದಿಂದ ಟ್ರೈಕ್ಯಾಟ್ ಲಸಿಕೆ, ಹನ್ನೆರಡನೇ ವಾರದ ಹೊತ್ತಿಗೆ ರೇಬೀಸ್ ಲಸಿಕೆ, ನಾಲ್ಕು ತಿಂಗಳಿನಿಂದ ಆರರ ಒಳಗೆ ಶಸ್ತ್ರಚಿಕಿತ್ಸೆ. ಗಂಡಾದರೂ ಬಿಡಬಾರದು. ಕೊಡುವವರು ಇದನ್ನು ಬರೆಸಿಕೊಂಡೇ ಮರಿ ಕೊಡಬೇಕು, ಆಪರೇಷನ್ ಆದ ಮೇಲೆ ಕಾಗದ ತೋರಿಸಿ ಎಂದು ಕೇಳಲು ಸಂಕೋಚಪಡಬಾರದು. ಇಪ್ಪತ್ತನೇ ಮಾಳಿಗೆಯ ಫ್ಲ್ಯಾಟಾದರೆ ಕಿಟಕಿಗೆ ಗಟ್ಟಿ ಜಾಲರಿ ಮೊದಲು, ಮರಿ ಆಮೇಲೆ. ಪಾರಿವಾಳದ ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯುತ್ತದೆ. ಮನೆಯಲ್ಲಿ ಜ್ವರಕ್ಕೆಂದು ಇಟ್ಟ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ.

ಮುಂಬಯಿ ಕನ್ನಡಿಗರು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಮೇ ತಿಂಗಳು ಬಂತೆಂದರೆ ನಾವು ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೊರಡುತ್ತೇವೆ. ಕೋಲ, ಮದುವೆ, ಮುಂಜಿ ಎಂದು ಮೂರು ನಾಲ್ಕು ವಾರ. ಆಗ ಬೆಕ್ಕನ್ನು ಯಾರು ನೋಡುತ್ತಾರೆ? ಪರೀಕ್ಷೆ ಮುಗಿದ ಮಕ್ಕಳ ಹಟಕ್ಕೆ ಏಪ್ರಿಲ್‌ನಲ್ಲಿ ಮನೆಗೆ ಬಂದ ಮರಿ ಮೇ ತಿಂಗಳಲ್ಲಿ ಕಾಂಪೌಂಡ್ ಸೇರುವುದು ಈ ಪ್ರಶ್ನೆಯನ್ನು ಯಾರೂ ಕೇಳದ್ದರಿಂದಲೇ. ಒಳಗೆ ಬೆಳೆದ ಬೆಕ್ಕು ಹದಿನೈದು ವರ್ಷ ಬದುಕಬಹುದು. ಹುಡುಗನ ಹತ್ತನೇ ಕ್ಲಾಸು, ಹುಡುಗಿಯ ಮದುವೆ, ಬಿಲ್ಡಿಂಗಿನ ಪುನರಾಭಿವೃದ್ಧಿ ಎಲ್ಲವೂ ಆ ಹದಿನೈದು ವರ್ಷದೊಳಗೇ ಬರುತ್ತವೆ. ಸೊಸೆ ಬಸುರಿಯಾದಳೆಂದು ಬೆಕ್ಕನ್ನು ಹೊರಹಾಕುವ ಮನೆಗಳೂ ಇವೆ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಭಯ ಅದಕ್ಕೆ ಕಾರಣ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪಿನಿಂದಲೂ ಅದು ಬರುತ್ತದೆ. ಬೆಕ್ಕಿನ ಮಲ ಸೋಂಕು ಹರಡುವ ಸ್ಥಿತಿಗೆ ಬರಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಬೆಕ್ಕಿನ ಮಲದ ಪೆಟ್ಟಿಗೆಯನ್ನು ಮನೆಯ ಬೇರೆಯವರು ದಿನವೂ ಶುಚಿಮಾಡಿದರೆ ಸಾಕು.

ಪರ್ಶಿಯನ್ ಮರಿಗೆ ಸಾವಿರಾರು ರೂಪಾಯಿ ಕೊಡುವವರಿಗೂ ಒಂದು ಮಾತು. ನಾಯಿಗಳ ತಳಿ ಬೆಳೆಸುವವರಿಗೆ 2017ರ ನಿಯಮಗಳಿವೆ. ಬೆಕ್ಕಿನ ತಳಿ ಬೆಳೆಸುವವರಿಗೆ ಅಂಥ ಪ್ರತ್ಯೇಕ ನಿಯಮವೇ ಇಲ್ಲ. ಆ ಮರಿಯ ತಾಯಿ ಯಾವ ಪಂಜರದಲ್ಲಿ ಎಷ್ಟನೇ ಬಾಣಂತನದಲ್ಲಿದೆ ಎಂದು ಕೊಳ್ಳುವವರಿಗೆ ತಿಳಿಯುವುದಿಲ್ಲ. ನಿಮ್ಮ ಕಟ್ಟಡದ ಕೆಳಗೇ ಹುಟ್ಟಿದ ಪಟ್ಟೆಬೆಕ್ಕಿನ ಮರಿ ಈ ಹವೆಗೆ ಒಗ್ಗಿದ್ದು, ಅದಕ್ಕೆ ಮನೆ ಬೇಕಾಗಿದೆ.

ಸೊಸೈಟಿಗಳ ಸಭೆಯಲ್ಲಿ ಪುನರಾಭಿವೃದ್ಧಿಯ ಕರಡು ಮಂಡನೆಯಾದಾಗ ಯಾರಾದರೂ ಎದ್ದುನಿಂತು ಕಾಂಪೌಂಡಿನ ಬೆಕ್ಕುಗಳ ವಿಷಯ ಎತ್ತಲಿ. ಕಟ್ಟಡ ಖಾಲಿಯಾಗುವ ಆರು ತಿಂಗಳ ಮೊದಲೇ ಎಲ್ಲಕ್ಕೂ ಸಂತಾನಹರಣ, ಪಳಗಿದವಕ್ಕೆ ದತ್ತು, ಉಳಿದವಕ್ಕೆ ನೆರೆಯವರ ಒಪ್ಪಿಗೆಯಿಂದ ಪಕ್ಕದಲ್ಲೇ ಒಂದು ನೆಲೆ. ಕೋಟಿಗಳ ವ್ಯವಹಾರದಲ್ಲಿ ಈ ಖರ್ಚು ಲೆಕ್ಕಕ್ಕೇ ಬಾರದು. ಮುಂಬಯಿಯ ನಮ್ಮ ಕನ್ನಡ ಸಂಘಗಳು ರಕ್ತದಾನ, ನೇತ್ರ ತಪಾಸಣೆಯ ಶಿಬಿರಗಳನ್ನು ವರ್ಷವರ್ಷವೂ ಶ್ರದ್ಧೆಯಿಂದ ನಡೆಸುತ್ತವೆ. ಈ ವರ್ಷ ಪ್ರಾಣಿ ಆಸ್ಪತ್ರೆಯೊಂದರ ಜೊತೆ ಸೇರಿ ಬೆಕ್ಕುಗಳ ಸಂತಾನಹರಣ ಶಿಬಿರವನ್ನೂ ಆ ಪಟ್ಟಿಗೆ ಸೇರಿಸಲಿ. ಓದುಗರು ಇಂದು ಸಂಜೆ ಕೆಳಗಿಳಿದು ತಮ್ಮ ಕಾಂಪೌಂಡಿನ ಹೆಣ್ಣು ಬೆಕ್ಕುಗಳ ಕಿವಿ ನೋಡಲಿ. ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿದ್ದರೆ ಸಾಮಾನ್ಯವಾಗಿ ಅದಕ್ಕೆ ಆಪರೇಷನ್ ಆಗಿದೆ ಎಂದರ್ಥ. ಎರಡೂ ಕಿವಿ ಇಡಿಯಾಗಿದ್ದರೆ, ಅದು ಮುಂದಿನ ಸೂಲು ಹಾಕುವ ಮೊದಲು ದಯವಿಟ್ಟು ಆಸ್ಪತ್ರೆಗೆ ಫೋನ್ ಮಾಡಿ.