ಅಂಗಡಿ ಮೂರು, ದರಪಟ್ಟಿ ಒಂದೇ

2024ರ ಜುಲೈ 3ರಂದು ಜಿಯೋ ಮತ್ತು ಏರ್‌ಟೆಲ್ ಕಂಪನಿಗಳು ತಮ್ಮ ದರಗಳನ್ನು ಏರಿಸಿದುವು. ಮರುದಿನ ವೊಡಾಫೋನ್ ಐಡಿಯಾ ಏರಿಸಿತು. ಜಿಯೋದ ಕನಿಷ್ಠ ಮಾಸಿಕ ರೀಚಾರ್ಜ್ 155ರಿಂದ 189 ರೂಪಾಯಿಗೆ, ಉಳಿದೆರಡರದ್ದು 179ರಿಂದ 199 ರೂಪಾಯಿಗೆ ಜಿಗಿಯಿತು. ಮೂರು ಕಂಪನಿಗಳು ಪೈಪೋಟಿಗಿಳಿದಿವೆ ಎಂದು ನಮಗೆ ಹೇಳಲಾಗುತ್ತದೆ. ಎರಡು ದಿನಗಳೊಳಗೆ ಒಂದೇ ದಿಕ್ಕಿಗೆ ನಡೆಯುವ ಈ ಓಟವನ್ನು ಪೈಪೋಟಿ ಎನ್ನುವುದಾದರೆ, ಒಪ್ಪಂದ ಎಂಬ ಪದಕ್ಕೆ ಬೇರೆ ಅರ್ಥ ಹುಡುಕಬೇಕಾಗುತ್ತದೆ.

ಮಾಸಿಕ ಎಂದೆವು, ತಪ್ಪಾಯಿತು. 28 ದಿನ. ಚಾಂದ್ರಮಾನದ ತಿಂಗಳು ಕೂಡಾ 29 ದಿನಗಳಿಗಿಂತ ಕಡಿಮೆ ಇರುವುದಿಲ್ಲ. ಈ ಕಂಪನಿಗಳ ಪಂಚಾಂಗದಲ್ಲಿ ಮಾತ್ರ ವರ್ಷಕ್ಕೆ 13 ತಿಂಗಳು. 30 ದಿನಗಳ ಒಂದು ಯೋಜನೆಯನ್ನಾದರೂ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲಿ ಆದೇಶಿಸಬೇಕಾಯಿತು. ಇಂಟರ್‌ನೆಟ್ ಬೇಡವೆನ್ನುವ ಗ್ರಾಹಕನಿಗೆ ಕೇವಲ ಕರೆ ಮತ್ತು ಎಸ್ಸೆಮ್ಮೆಸ್ಸಿನ ಯೋಜನೆ ನೀಡಿರೆಂದು 2024ರ ಡಿಸೆಂಬರ್‌ನಲ್ಲಿ ಇನ್ನೊಂದು ಆದೇಶ ಬಂತು. ಕಂಪನಿಗಳು ವಿಧೇಯವಾಗಿ ತಂದವು. ಆದರೆ ಮೊದಲಿಗೆ ಬಂದದ್ದು 84 ದಿನಗಳದ್ದು ಮತ್ತು ವರ್ಷದ್ದು. ದಿನಗೂಲಿಯಲ್ಲಿ ಬದುಕುವ ಮುದುಕನೊಬ್ಬ ತನ್ನ ಫೋನನ್ನು ಜೀವಂತವಾಗಿಡಲು ನೂರಾರು ರೂಪಾಯಿಗಳನ್ನು ಒಮ್ಮೆಲೇ ಎಣಿಸಬೇಕು!

ಸರಕಾರದ ಉತ್ತರ ಸಿದ್ಧವಿದೆ: ದರವನ್ನು ಮಾರುಕಟ್ಟೆ ನಿರ್ಧರಿಸುತ್ತದೆ, ಭಾರತದಲ್ಲಿ ಅದು ಜಗತ್ತಿನಲ್ಲೇ ಅತ್ಯಂತ ಅಗ್ಗದ ಸಾಲಿನಲ್ಲಿದೆ. ಅಗ್ಗವೆಂಬುದು ಸುಳ್ಳಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಉಚಿತವಾಗಿ ಬಾಗಿಲು ತೆರೆದಾಗ ನಮ್ಮ ಮನೆಗಳಿಗೂ ಇಂಟರ್‌ನೆಟ್ ಬಂತೆಂಬುದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಪ್ರಶ್ನೆಯಿರುವುದು ಇಂದಿನ ಬೆಲೆಯಲ್ಲಿ ಮಾತ್ರವಲ್ಲ. ನಾಳೆ ಅದು ಏರಿದಾಗ ಎದ್ದು ಬೇರೆಡೆಗೆ ಹೋಗುವ ದಾರಿ ಗ್ರಾಹಕನಿಗೆ ಉಳಿದಿದೆಯೇ? ಏರ್‌ಸೆಲ್ ಮುಳುಗಿತು. ರಿಲಯನ್ಸ್ ಕಮ್ಯುನಿಕೇಶನ್ಸ್ ದಿವಾಳಿಯಾಯಿತು. ಟೆಲಿನಾರ್ ಮತ್ತು ಟಾಟಾದ ಮೊಬೈಲ್ ವ್ಯವಹಾರಗಳು ಏರ್‌ಟೆಲ್‌ನೊಳಗೆ ಕರಗಿದುವು. 2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದುವು. ಇಂದು ದೇಶದ ಬ್ರಾಡ್‌ಬ್ಯಾಂಡ್ ಗ್ರಾಹಕರಲ್ಲಿ ಮುಕ್ಕಾಲಿಗಿಂತಲೂ ಹೆಚ್ಚು ಮಂದಿ ಎರಡೇ ಕಂಪನಿಗಳ ಕೈಯಲ್ಲಿದ್ದಾರೆ. ಮೂರನೆಯದರಲ್ಲಿ 2025ರಿಂದ ಸರಕಾರಕ್ಕೇ ಸುಮಾರು ಶೇ. 49ರಷ್ಟು ಪಾಲಿದೆ. ಮಾರುಕಟ್ಟೆಯೇ ನಿರ್ಧರಿಸುತ್ತದೆ ಎಂದು ಹೇಳುವವರು ಈ ಒಂದು ಸಂಗತಿಯನ್ನಾದರೂ ಗಮನಿಸಬೇಕಿತ್ತು.

ಅಷ್ಟಕ್ಕೂ, ಈ ಸ್ಥಿತಿ ಆಕಾಶದಿಂದ ಉದುರಿದ್ದಲ್ಲ. 2004ರಲ್ಲಿ ಟ್ರಾಯ್ ಒಂದು ಶಿಫಾರಸು ಮಾಡಿತ್ತು. ಬಿಎಸ್ಸೆನ್ನೆಲ್ ಮತ್ತು ಎಂಟಿಎನ್ನೆಲ್‌ಗಳ ತಾಮ್ರದ ತಂತಿ ಕೋಟಿಗಟ್ಟಲೆ ಮನೆಗಳ ಗೋಡೆಯವರೆಗೆ ಆಗಲೇ ತಲುಪಿತ್ತು. ಜನರ ಹಣದಿಂದ ಎಳೆದ ಆ ತಂತಿಯನ್ನು ಬಾಡಿಗೆಯ ಮೇಲೆ ಇತರ ಸಂಸ್ಥೆಗಳಿಗೂ ಕೊಡಿ, ಒಂದೇ ತಂತಿಯ ಮೇಲೆ ಹಲವರು ಸೇವೆ ಮಾರಲಿ, ಯಾರಿಂದ ಕೊಳ್ಳಬೇಕೆಂಬುದನ್ನು ಮನೆಯವರು ತೀರ್ಮಾನಿಸಲಿ ಎಂಬುದು ಅದರ ಸಾರ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಬ್ರಾಡ್‌ಬ್ಯಾಂಡ್ ನೀತಿ ಇದನ್ನು ಕಡ್ಡಾಯಗೊಳಿಸಲಿಲ್ಲ. ಕಂಪನಿಗಳು ಪರಸ್ಪರ ಮಾತಾಡಿಕೊಳ್ಳಲಿ ಎಂದು ಬಿಟ್ಟಿತು. ಮಾತಾಡುವವರಾರು?

ಸಾರ್ವಜನಿಕ ಆಸ್ತಿಯನ್ನು ಖಾಸಗಿಯವರಿಗೆ ಧಾರೆಯೆರೆಯಬಾರದೆಂಬ ಅಂದಿನ ವಾದದಲ್ಲಿ ಪ್ರಾಮಾಣಿಕತೆಯಿತ್ತೆಂದೇ ಇಟ್ಟುಕೊಳ್ಳೋಣ. ಫಲಿತಾಂಶವೇನು? 2010ರೊಳಗೆ 2 ಕೋಟಿ ಸಂಪರ್ಕಗಳ ಗುರಿಯಿತ್ತು, ಆದದ್ದು ಸುಮಾರು 1.1 ಕೋಟಿ. ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಲಾಗುತ್ತಿತ್ತು. ರಾತ್ರಿ ಎರಡರ ಬಳಿಕ ಲೆಕ್ಕವಿಲ್ಲವೆಂಬ ಕಾರಣಕ್ಕೆ ಅಲಾರಂ ಇಟ್ಟು ಎದ್ದು ಕೂರುತ್ತಿದ್ದವರು ನಮ್ಮ ಓದುಗರಲ್ಲೂ ಇದ್ದಾರು. ಬ್ರಿಟನ್ 2006ರಲ್ಲಿ ತನ್ನ ಹಳೆಯ ದೂರವಾಣಿ ಕಂಪನಿಯ ತಂತಿಜಾಲವನ್ನು ಓಪನ್‌ರೀಚ್ ಎಂಬ ಪ್ರತ್ಯೇಕ ವಿಭಾಗಕ್ಕೆ ವಹಿಸಿ, ಎಲ್ಲರಿಗೂ ಸಮಾನ ಷರತ್ತಿನಲ್ಲಿ ಬಾಡಿಗೆಗೆ ಕೊಡುವಂತೆ ಮಾಡಿತು. ನಮ್ಮ ತಾಮ್ರ ಮಾತ್ರ ಬಾಡಿಗೆಯೂ ಇಲ್ಲದೆ, ಸೇವೆಯೂ ಇಲ್ಲದೆ ಮಣ್ಣಿನಡಿ ಕೊಳೆಯಿತು.

ಎರಡನೆಯ ಬಾರಿ ಕೈಬಿಟ್ಟದ್ದು ಬಿಎಸ್ಸೆನ್ನೆಲ್ಲನ್ನೇ. ಖಾಸಗಿ ಕಂಪನಿ 2012ರಲ್ಲೇ 4ಜಿ ಆರಂಭಿಸಿತು. ಬಿಎಸ್ಸೆನ್ನೆಲ್‌ಗೆ ಆ ತರಂಗಾಂತರ ಕೊಡುವ ನಿರ್ಧಾರವಾದದ್ದು 2019ರಲ್ಲಿ, ಅದೂ 78 ಸಾವಿರಕ್ಕೂ ಮಿಕ್ಕಿದ ನೌಕರರನ್ನು ಸ್ವಯಂ ನಿವೃತ್ತಿಯ ಹೆಸರಿನಲ್ಲಿ ಮನೆಗೆ ಕಳುಹಿಸಿದ ಅದೇ ಪ್ಯಾಕೇಜಿನಲ್ಲಿ. ರಾಷ್ಟ್ರವ್ಯಾಪಿ 4ಜಿ ಜಾಲದ ಉದ್ಘಾಟನೆ ನಡೆದದ್ದು 2025ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಖಾಸಗಿಯವರ 5ಜಿಗೆ ಮೂರು ವರ್ಷ ತುಂಬುತ್ತಿತ್ತು. ದರ ಏರಿದ 2024ರ ಜುಲೈ ಒಂದೇ ತಿಂಗಳಲ್ಲಿ, ದರ ಏರಿಸದ ಬಿಎಸ್ಸೆನ್ನೆಲ್‌ಗೆ ಸುಮಾರು 29 ಲಕ್ಷ ಗ್ರಾಹಕರು ಸೇರಿದರು. ನವೆಂಬರ್ ಹೊತ್ತಿಗೆ ಲೆಕ್ಕ ತಿರುಗಿ, ಅದು ಮತ್ತೆ ಗ್ರಾಹಕರನ್ನು ಕಳಕೊಳ್ಳತೊಡಗಿತ್ತು. ಜನರು ಬಾಗಿಲು ಹುಡುಕಿದರು, ಒಳಗೆ ದೀಪವಿರಲಿಲ್ಲ.

ಮೊಬೈಲ್ ಬೇಡ, ಮನೆಗೆ ಫೈಬರ್ ಹಾಕಿಸೋಣ ಎನ್ನುವವರ ಪಾಡೇನು? ನಮ್ಮ ಪಟ್ಟಣಗಳ ಎಷ್ಟೋ ಗಲ್ಲಿಗಳಲ್ಲಿ ಒಬ್ಬನೇ ಕೇಬಲಿನವನು. ಆತನ ದರವೇ ದರ, ಆತ ಬಂದ ದಿನವೇ ದುರಸ್ತಿ. ಕಂಬದಲ್ಲಿ ಆತನ ತಂತಿ ತೂಗುವವರೆಗೆ ಇನ್ನೊಬ್ಬನು ಆ ಗಲ್ಲಿಗೆ ಕಾಲಿಡುವುದಿಲ್ಲ. ಮೊಬೈಲ್ ನಂಬರನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕು 2011ರ ಜನವರಿಯಿಂದ ದೇಶದೆಲ್ಲೆಡೆ ಇದೆ. ಗೋಡೆಗೆ ಬಂದ ತಂತಿಯನ್ನು ಉಳಿಸಿಕೊಂಡು ಸೇವೆ ಬದಲಿಸುವ ಹಕ್ಕು ಇಂದಿಗೂ ಇಲ್ಲ.

ಇದರ ಬೆಲೆ ತೆರುವವರಾರು ಎಂಬುದನ್ನು 2020ರ ಲಾಕ್‌ಡೌನ್ ತೋರಿಸಿಕೊಟ್ಟಿತು. ಮೂರು ಮಕ್ಕಳು, ಒಂದು ಫೋನು, ದಿನಕ್ಕೆ ಒಂದೂವರೆ ಜಿಬಿ. ಅಣ್ಣನ ತರಗತಿ ಮೊದಲು, ತಮ್ಮನದ್ದು ಆಮೇಲೆ, ಡಾಟಾ ಉಳಿದರೆ ಹುಡುಗಿಯದ್ದು. ಈ ಸರದಿಯನ್ನು ಬರೆದದ್ದು ಯಾವ ಕಂಪನಿಯೂ ಅಲ್ಲ, ನಾವೇ. ಅದನ್ನು ಒಪ್ಪಿಕೊಳ್ಳದೆ ಸರಕಾರವನ್ನು ದೂರುವುದು ಅರ್ಧ ಸತ್ಯವಾದೀತು. ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ಕೇರಳ ಹೈಕೋರ್ಟು 2019ರಲ್ಲಿ ತೀರ್ಪಿತ್ತದ್ದು ಫಹೀಮಾ ಶಿರಿನ್ ಎಂಬ ವಿದ್ಯಾರ್ಥಿನಿಯ ಅರ್ಜಿಯ ಮೇಲೆ. ಹಾಸ್ಟೆಲಿನಲ್ಲಿ ಫೋನ್ ನಿರ್ಬಂಧವನ್ನು ಒಪ್ಪದ್ದಕ್ಕೆ ಹೊರಹಾಕಲ್ಪಟ್ಟಿದ್ದ ಆಕೆಯ ಪರವಾಗಿ ನ್ಯಾಯಾಲಯ ನಿಂತಿತು. ಹಕ್ಕು ಎಂದಾದ ಮೇಲೆ ಅದನ್ನು ತಲುಪಿಸುವ ತಂತಿ ಒಬ್ಬನ ಮರ್ಜಿಯಲ್ಲಿರುವುದು ಹೇಗೆ ಸರಿ?

ತಂತಿಯ ಒಡೆಯನೊಬ್ಬ, ಅದರ ಮೇಲೆ ಮಾರುವವರು ಹಲವರು ಎಂಬ 2004ರ ವಿಚಾರವನ್ನು ಫೈಬರಿಗೂ ಅನ್ವಯಿಸಿ ಮತ್ತೆ ಮೇಜಿನ ಮೇಲಿಡಬೇಕೆಂದು ನಾವು ಒತ್ತಾಯಿಸುತ್ತೇವೆ. ಬಿಎಸ್ಸೆನ್ನೆಲ್ಲನ್ನು ಕರುಣೆಯಿಂದಲ್ಲ, ದರಕ್ಕೆ ಕಡಿವಾಣವಾಗಿ ಬಲಪಡಿಸಬೇಕು. ಆಗದ ಮಾತೆಂದು ನಿರಾಶರಾಗಬೇಕಿಲ್ಲ. ತಾನು ಆರಿಸಿದ ತಾಣಗಳನ್ನಷ್ಟೇ ಉಚಿತವಾಗಿ ತೋರಿಸುವ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಯೋಜನೆಗೆ 2016ರ ಫೆಬ್ರವರಿ 8ರ ಟ್ರಾಯ್ ಆದೇಶ ಬಾಗಿಲು ಮುಚ್ಚಿತು. ಅದರ ಹಿಂದೆ ಲಕ್ಷಾಂತರ ಸಾಮಾನ್ಯರ ಪತ್ರಗಳಿದ್ದುವು. ಪ್ರತಿ ಹೊಸ ನಿಯಮಕ್ಕೆ ಮುನ್ನ ಟ್ರಾಯ್ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ, ರಸ್ತೆ ಅಗೆಯುವ ಅರ್ಜಿ ನಮ್ಮ ಪುರಸಭೆಯ ಮುಂದೆಯೇ ಬರುತ್ತದೆ. ನಮ್ಮ ಎಷ್ಟು ಜಮಾಅತ್‌ಗಳು, ಎಷ್ಟು ಯುವಕ ಸಂಘಗಳು ಈ ವರೆಗೆ ಅಲ್ಲಿಗೊಂದು ಪತ್ರ ಬರೆದಿವೆ?