‘ಮನೆಯಲ್ಲೇ ಮಾಡಿಸಿ’ ಎಂಬ ಒಂದು ಸಾಲು

ಆಲಮಟ್ಟಿ ಹಿನ್ನೀರಿನ ಆಸುಪಾಸಿನ ನಮಗೆ ‘ಪುನರ್ವಸತಿ’ ಎಂದರೆ ಮೊದಲು ನೆನಪಾಗುವುದು ಮುಳುಗಿದ ಊರು, ಅದರ ಬದಲಿಗೆ ಸಿಕ್ಕ ನಿವೇಶನ, ಪರಿಹಾರಕ್ಕಾಗಿ ಕಚೇರಿಗೆ ಅಲೆದ ವರ್ಷಗಳು. ಕೃಷ್ಣಾ ಮೇಲ್ದಂಡೆ ಯೋಜನೆಗಾಗಿ ಎದ್ದುಹೋದ ಹಳ್ಳಿಗಳ ಹೊಸ ಜಾಗಗಳನ್ನು ನಾವು ಈಗಲೂ ‘ಪುನರ್ವಸತಿ ಕೇಂದ್ರ’ ಎಂದೇ ಕರೆಯುತ್ತೇವೆ. ಇದೇ ಪದವನ್ನು ವೈದ್ಯಕೀಯದಲ್ಲಿಯೂ ಬಳಸುತ್ತಾರೆ. ಲಕ್ವಾ ಹೊಡೆದು ಒಂದು ಬದಿ ಬಿದ್ದವರಿಗೆ, ಬೆನ್ನುಹುರಿಗೆ ಪೆಟ್ಟಾದವರಿಗೆ, ಕಾಲು ಕಳೆದುಕೊಂಡವರಿಗೆ, ದಮ್ಮಿನಿಂದ ಹತ್ತು ಹೆಜ್ಜೆ ನಡೆಯಲಾಗದವರಿಗೆ ಆಸ್ಪತ್ರೆಯ ಚಿಕಿತ್ಸೆ ಮುಗಿದ ಮೇಲೆ ಬೇಕಾಗುವುದೂ ಪುನರ್ವಸತಿಯೇ. ಎರಡೂ ಕಡೆ ಅರ್ಥ ಒಂದೇ: ಕಳೆದುಕೊಂಡವರು ಬದುಕನ್ನು ಮತ್ತೆ ಕಟ್ಟಿಕೊಳ್ಳಲು ಬೇಕಾದ ವ್ಯವಸ್ಥೆ.

ವ್ಯತ್ಯಾಸ ಇರುವುದು ಹೊಣೆಯಲ್ಲಿ. ಅಣೆಕಟ್ಟಿನ ವಿಷಯದಲ್ಲಿ ಸರ್ಕಾರ ಎಷ್ಟೇ ಸತಾಯಿಸಿದ್ದರೂ ಇದು ತನ್ನ ಕೆಲಸ ಎಂದಾದರೂ ಒಪ್ಪಿಕೊಂಡಿತು. ಅದಕ್ಕೊಂದು ಕಚೇರಿ, ಒಬ್ಬ ಅಧಿಕಾರಿ, ಒಂದು ಕಡತ ಇತ್ತು. ಮುಳುಗಡೆಯ ಸಂತ್ರಸ್ತರಿಗೆ ‘ನಿಮ್ಮ ಮನೆಯವರೇ ನಿಮಗೊಂದು ಊರು ಕಟ್ಟಿಕೊಡಲಿ’ ಎಂದು ಯಾರೂ ಹೇಳಲಿಲ್ಲ. ದೇಹದ ವಿಷಯಕ್ಕೆ ಬಂದಾಗ ಮಾತ್ರ ಆಸ್ಪತ್ರೆ, ವಿಮೆ, ಸರ್ಕಾರ ಮೂರೂ ಹೇಳುವುದು ಅದನ್ನೇ.

ನಮ್ಮ ಕಾಕಾನಿಗೆ ಲಕ್ವಾ ಹೊಡೆದಾಗ ಆಸ್ಪತ್ರೆಯವರು ಜೀವ ಉಳಿಸಿದರು. ಆ ಬಗ್ಗೆ ನನ್ನದೇನೂ ತಕರಾರಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಒಂಬತ್ತು ಔಷಧಿಗಳಿದ್ದವು. ಯಾವುದು ಊಟಕ್ಕೆ ಮುಂಚೆ, ಯಾವುದು ಊಟದ ಮೇಲೆ, ಎಷ್ಟು ಮಿಲಿಗ್ರಾಂ, ಎಷ್ಟು ದಿನ ಎಲ್ಲವೂ ಬರೆದಿತ್ತು. ಕೊನೆಯಲ್ಲಿ ಒಂದು ಸಾಲು: ಫಿಸಿಯೋಥೆರಪಿ ಮನೆಯಲ್ಲೇ ಮಾಡಿಸಿ. ಯಾರು, ದಿನಕ್ಕೆ ಎಷ್ಟು ಹೊತ್ತು, ಎಷ್ಟು ತಿಂಗಳು, ಏನಾದರೆ ನಿಲ್ಲಿಸಬೇಕು ಎನ್ನುವುದು ಯಾವುದೂ ಇಲ್ಲ. ‘ನೀ ಓದಿದಾಕಿ, ಏನು ಮಾಡಬೇಕಂತ ಬರದಾರ ನೋಡವಾ’ ಎಂದು ಚಿಗವ್ವ ಚೀಟಿಯನ್ನು ನನ್ನ ಕೈಗೆ ಕೊಟ್ಟಳು. ಓದಲು ಅಲ್ಲಿ ಏನೂ ಇರಲಿಲ್ಲ. ಒಂಬತ್ತು ಔಷಧಿಗೆ ಲೆಕ್ಕ ಇದ್ದ ಕಾಗದದಲ್ಲಿ, ಮನುಷ್ಯನನ್ನು ಎಬ್ಬಿಸಿ ನಡೆಸುವ ಕೆಲಸಕ್ಕೆ ಲೆಕ್ಕವೇ ಇರಲಿಲ್ಲ.

ಇದು ಒಂದು ಆಸ್ಪತ್ರೆಯ ಅಲಕ್ಷ್ಯವಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಮ್ಮ ಇಡೀ ಆರೋಗ್ಯ ವ್ಯವಸ್ಥೆ ಒಂದು ನಂಬಿಕೆಯ ಮೇಲೆ ನಿಂತಿದೆ: ಭಾರತದಲ್ಲಿ ಕುಟುಂಬ ಎನ್ನುವುದು ಗಟ್ಟಿಯಾಗಿದೆ, ಮನೆಯವರು ನೋಡಿಕೊಳ್ಳುತ್ತಾರೆ, ಹಾಗಾಗಿ ಪಾಶ್ಚಾತ್ಯ ದೇಶಗಳಂತೆ ಪುನರ್ವಸತಿಗೆ ಖರ್ಚು ಮಾಡುವ ಜರೂರಿಲ್ಲ. ಕೇಳಲು ಬಹಳ ಚೆಂದ. ಸಂಸ್ಕೃತಿಯ ಬಗ್ಗೆ ಹೆಮ್ಮೆಯನ್ನೂ ಪಡಬಹುದು, ದುಡ್ಡನ್ನೂ ಉಳಿಸಬಹುದು.

ಈ ನಂಬಿಕೆಯನ್ನು ಪರೀಕ್ಷೆ ಮಾಡಿ ನೋಡಿದ್ದಾರೆ, ಅದೂ ನಮ್ಮ ದೇಶದಲ್ಲೇ. ‘ಅಟೆಂಡ್’ ಎಂಬ ಹೆಸರಿನ ಅಧ್ಯಯನ 2014ರಿಂದ 2016ರವರೆಗೆ ಭಾರತದ 14 ಆಸ್ಪತ್ರೆಗಳಲ್ಲಿ ಪಾರ್ಶ್ವವಾಯುವಿನ 1250 ರೋಗಿಗಳನ್ನು ಸೇರಿಸಿಕೊಂಡಿತು. ಅರ್ಧದಷ್ಟು ಜನರಿಗೆ ಎಂದಿನ ಆರೈಕೆ. ಉಳಿದರ್ಧಕ್ಕೆ ಎಂದಿನ ಆರೈಕೆಯ ಜೊತೆಗೆ, ಮನೆಯವರೊಬ್ಬರಿಗೆ ಆಸ್ಪತ್ರೆಯಲ್ಲೇ ಕ್ರಮಬದ್ಧ ತರಬೇತಿ: ಹೇಗೆ ಮಲಗಿಸಬೇಕು, ಹೇಗೆ ಎಬ್ಬಿಸಬೇಕು, ಯಾವ ಕೆಲಸವನ್ನು ಮತ್ತೆ ಮತ್ತೆ ಮಾಡಿಸಬೇಕು. ಮನೆಗೆ ಹೋದ ಮೇಲೂ ಎರಡು ತಿಂಗಳವರೆಗೆ ಮಾರ್ಗದರ್ಶನ. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಆರು ತಿಂಗಳ ನಂತರ, ತರಬೇತಿ ಪಡೆದ ಕುಟುಂಬಗಳ ರೋಗಿಗಳಲ್ಲಿ ಶೇ. 47ರಷ್ಟು ಜನ ತೀರಿಕೊಂಡಿದ್ದರು ಅಥವಾ ಇನ್ನೊಬ್ಬರನ್ನು ಅವಲಂಬಿಸಿ ಬದುಕುತ್ತಿದ್ದರು. ತರಬೇತಿ ಇಲ್ಲದ ಕುಟುಂಬಗಳಲ್ಲಿ? ಅಲ್ಲೂ ಶೇ. 47.

ಇಲ್ಲಿ ಒಂದು ತಪ್ಪು ಓದಿಗೆ ಅವಕಾಶವಿದೆ. ‘ಹಾಗಾದರೆ ಪುನರ್ವಸತಿಯಿಂದಲೇ ಪ್ರಯೋಜನವಿಲ್ಲ’ ಎನ್ನಬಹುದು. ಆದರೆ ಅಧ್ಯಯನ ತೂಗಿ ನೋಡಿದ್ದು ಪುನರ್ವಸತಿಯನ್ನಲ್ಲ, ಅದನ್ನು ಮನೆಯವರ ಹೆಗಲಿಗೆ ದಾಟಿಸುವ ಉಪಾಯವನ್ನು. ಕುಟುಂಬದವರಿಗೆ ಈ ಕೆಲಸ ವಹಿಸುವ ಹೊಸ ಸೇವೆಗಳಿಗೆ ಹಣ ಹೂಡಲು ತಮ್ಮ ಫಲಿತಾಂಶ ಬೆಂಬಲ ಕೊಡುವುದಿಲ್ಲ ಎಂದು ಸಂಶೋಧಕರೇ ಹೇಳಿದರು. ಬದಲಿಗೆ ತರಬೇತಾದ ಆರೋಗ್ಯ ಸಹಾಯಕರು ಅಥವಾ ತಂಡಗಳು ಸಮುದಾಯದಲ್ಲೇ ಈ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದನ್ನು ಮುಂದೆ ಪರೀಕ್ಷಿಸಬೇಕು ಎಂದರು. ಅಂದರೆ ತರಬೇತಿ ಕೊಟ್ಟು, ಬೆನ್ನಿಗೆ ನಿಂತು ಮಾಡಿಸಿದಾಗಲೂ ಮನೆಯವರಿಂದ ಆಗದ್ದನ್ನು ನಾವು ಒಂದು ಸಾಲು ಬರೆದು ಚಿಗವ್ವನಂಥವರಿಗೆ ಒಪ್ಪಿಸುತ್ತಿದ್ದೇವೆ. ಅವಳ ಪ್ರೀತಿಯಲ್ಲಿ ಕೊರತೆಯಿಲ್ಲ. ಇದು ಪ್ರೀತಿಯಿಂದಷ್ಟೇ ಆಗುವ ಕೆಲಸವಲ್ಲ.

ಎಷ್ಟು ಸೂಕ್ಷ್ಮದ ಕೆಲಸ ಎನ್ನುವುದಕ್ಕೆ ಇನ್ನೊಂದು ಅಧ್ಯಯನ ನೋಡಿ. ‘ಅವರ್ಟ್’ ಎಂಬುದು ಐದು ದೇಶಗಳ 56 ಆಸ್ಪತ್ರೆಗಳಲ್ಲಿ 2104 ರೋಗಿಗಳ ಮೇಲೆ ನಡೆದದ್ದು, 2015ರಲ್ಲಿ ಪ್ರಕಟವಾಯಿತು. ಪಾರ್ಶ್ವವಾಯು ಆದ 24 ಗಂಟೆಯೊಳಗೆ ರೋಗಿಯನ್ನು ಎಬ್ಬಿಸಿ ಹೆಚ್ಚು ಹೆಚ್ಚು ನಡೆದಾಡಿಸಿದರೆ ಬೇಗ ಗುಣವಾಗುತ್ತದೆಯೇ ಎಂಬುದು ಪ್ರಶ್ನೆ. ನಮಗೆಲ್ಲ ಹೌದು ಎನಿಸುತ್ತದೆ. ಉತ್ತರ ಉಲ್ಟಾ ಬಂತು. ಹೆಚ್ಚು ಚಲನೆ ಮಾಡಿಸಿದ ಗುಂಪಿನಲ್ಲಿ ಮೂರು ತಿಂಗಳ ನಂತರ ಚೆನ್ನಾಗಿದ್ದವರು ಶೇ. 46, ಎಂದಿನ ಆರೈಕೆಯ ಗುಂಪಿನಲ್ಲಿ ಶೇ. 50. ಅಂದರೆ ಮಾತ್ರೆಗೆ ಪ್ರಮಾಣ ಇದ್ದಂತೆ ವ್ಯಾಯಾಮಕ್ಕೂ ಪ್ರಮಾಣ ಇದೆ, ಹೊತ್ತು ಇದೆ. ‘ಕೈಕಾಲು ಆಡಿಸ್ತಾ ಇರಿ’ ಎಂಬ ಮಾತು ವೈದ್ಯಕೀಯ ಸಲಹೆಯಲ್ಲ. ‘ಯಾವುದಾದರೂ ಗುಳಿಗೆ ನುಂಗ್ತಾ ಇರಿ’ ಎಂದರೆ ಹೇಗೋ ಇದೂ ಹಾಗೇ.

ಇನ್ನೊಂದು ಮಾತು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ: ‘ಮೂರು ತಿಂಗಳಾಯ್ತಲ್ಲ, ಇನ್ನು ಬರುವುದು ಇಷ್ಟೇ.’ ಆರಂಭದ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ ಎನ್ನುವುದು ನಿಜ. ಆದರೆ ಅಲ್ಲಿಗೆ ಬಾಗಿಲು ಮುಚ್ಚುವುದಿಲ್ಲ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಎಕ್ಸೈಟ್’ ಅಧ್ಯಯನದಲ್ಲಿ ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳು ಕಳೆದಿದ್ದ, ಕೈಯಲ್ಲಿ ಸ್ವಲ್ಪ ಚಲನೆ ಉಳಿದಿದ್ದ 222 ಜನರಿದ್ದರು. ಒಂದು ಗುಂಪಿನವರ ಸರಿಯಿರುವ ಕೈಗೆ ಗವುಸು ಹಾಕಿ, ದುರ್ಬಲ ಕೈಯಿಂದಲೇ ಕೆಲಸ ಮಾಡುವಂತೆ ಎರಡು ವಾರ ತೀವ್ರವಾಗಿ ಅಭ್ಯಾಸ ಮಾಡಿಸಿದರು. ಅದರ ಲಾಭ ವರ್ಷದ ನಂತರವೂ ಉಳಿದಿತ್ತು. ಇದು ಇಪ್ಪತ್ತು ವರ್ಷದಷ್ಟು ಹಳೆಯ ತಿಳಿವಳಿಕೆ. ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ‘ಬರುವುದು ಇಷ್ಟೇ’ ಎಂಬ ತೀರ್ಪು ಓಡಾಡುತ್ತಿದೆ.

ಪಾರ್ಶ್ವವಾಯುವನ್ನು ಬಿಡಿ. ಒಲೆಯ ಹೊಗೆ, ಬೀಡಿ, ಗಣಿಯ ಧೂಳು ಕುಡಿದು ಶ್ವಾಸಕೋಶ ಹಾಳಾದವರ ಕಥೆ ನೋಡಿ. ವೈದ್ಯರು ಸಿಒಪಿಡಿ ಎನ್ನುವ ಈ ಕಾಯಿಲೆಗೆ ವ್ಯಾಯಾಮ ಮತ್ತು ತಿಳಿವಳಿಕೆ ಸೇರಿಸಿದ ‘ಶ್ವಾಸಕೋಶ ಪುನರ್ವಸತಿ’ ಎಂಬ ಕ್ರಮವಿದೆ. 65 ಪ್ರಯೋಗಗಳ, 3822 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2015ರಲ್ಲಿ ಕೊಕ್ರೇನ್ ಸಂಸ್ಥೆ ಪರಾಮರ್ಶೆ ಪ್ರಕಟಿಸಿತು. ಏದುಸಿರು, ದಣಿವು, ನಡೆಯುವ ಶಕ್ತಿ ಎಲ್ಲದರಲ್ಲೂ ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ, ಎಂದಿನ ಆರೈಕೆಯೊಂದಿಗೆ ಇದನ್ನು ಹೋಲಿಸುವ ಪ್ರಯೋಗಗಳು ಇನ್ನು ಬೇಕಿಲ್ಲ ಎಂದು ಆ ಪರಾಮರ್ಶೆಯನ್ನೇ ಅಲ್ಲಿಗೆ ಮುಕ್ತಾಯ ಮಾಡಿದರು. ವಿಜ್ಞಾನ ‘ಸಾಕು, ಸಾಬೀತಾಗಿದೆ’ ಎನ್ನುವುದು ಬಹಳ ಅಪರೂಪ. ಹಾಗೆ ಸಾಬೀತಾದದ್ದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುತ್ತದೆಯೇ, ಒಮ್ಮೆ ಹೋಗಿ ಕೇಳಿ. ಇನ್‌ಹೇಲರ್ ಸಿಕ್ಕರೆ ಅದೇ ಪುಣ್ಯ.

ಯಾಕೆ ಹೀಗೆ? ದುಡ್ಡು ಎಲ್ಲಿ ಹರಿಯುತ್ತದೆ ನೋಡಿ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಬಡ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಖರ್ಚು ಸಿಗುತ್ತದೆ. ದೊಡ್ಡ ಮಾತು, ಎಷ್ಟೋ ಜೀವ ಉಳಿಸಿದೆ. ಆದರೆ ಅದು ಮೂಲತಃ ಹಾಸಿಗೆಯ ಮೇಲೆ ಮಲಗಿದವರ ಯೋಜನೆ. ಬಿಡುಗಡೆಯಾದ ಮೇಲಿನ ಖರ್ಚಿಗೆ ಅದು ಕೊಡುವುದು 15 ದಿನ. ಮೆದುಳು, ಸ್ನಾಯು ತಿಂಗಳುಗಟ್ಟಲೆ ಕಲಿಯುತ್ತವೆ, ಯೋಜನೆ ಹದಿನೈದು ದಿನಕ್ಕೆ ಮುಗಿಯುತ್ತದೆ. ಜೀವ ಉಳಿಸಲು ಲಕ್ಷಗಳು, ಉಳಿದ ಜೀವ ತಾನಾಗಿ ಶೌಚಕ್ಕೆ ಹೋಗುವಂತಾಗಲು ಏನೂ ಇಲ್ಲ.

ಕಾನೂನು ಇಲ್ಲವೇ? ಇದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಏಳು ಬಗೆಯ ಅಂಗವೈಕಲ್ಯಗಳ ಪಟ್ಟಿ ಇಪ್ಪತ್ತೊಂದಕ್ಕೆ ಏರಿತು. ಅದರ 27ನೇ ಕಲಂ ಆರೋಗ್ಯ, ಶಿಕ್ಷಣ, ಉದ್ಯೋಗ ಎಲ್ಲದರಲ್ಲೂ ಪುನರ್ವಸತಿ ಸೇವೆ ಒದಗಿಸಬೇಕು ಎನ್ನುತ್ತದೆ, ಆದರೆ ಸರ್ಕಾರದ ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ. ಈ ಒಂದು ಷರತ್ತು ಸಾಕು. ಹಕ್ಕು ಎಂದು ಬರೆದದ್ದು ಕೃಪೆಯಾಗುತ್ತದೆ. ಕೊನೆಗೆ ಜನರ ಕೈಗೆ ಸಿಗುವುದು ಶೇಕಡಾವಾರು ಪ್ರಮಾಣಪತ್ರ. ಎಷ್ಟು ಹೋಗಿದೆ ಎಂದು ಅಳೆಯಲು ವ್ಯವಸ್ಥೆ ಇದೆ, ಉಳಿದದ್ದನ್ನು ಬೆಳೆಸಲು ಇಲ್ಲ.

‘ಬಡ ದೇಶಕ್ಕೆ ಇದೆಲ್ಲ ಸಾಧ್ಯವೇ’ ಎಂಬ ಪ್ರಶ್ನೆ ಬರುತ್ತದೆ. ಪುನರ್ವಸತಿ ಶ್ರೀಮಂತರ ಸೊಗಸು ಎಂಬ ಭಾವನೆಯೇ ಇದರ ಹಿಂದಿದೆ. 2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಂದಾಜಿನ ಪ್ರಕಾರ ಪುನರ್ವಸತಿಯಿಂದ ಪ್ರಯೋಜನ ಆಗಬಹುದಾದವರು ಜಗತ್ತಿನಲ್ಲಿ 240 ಕೋಟಿಗೂ ಹೆಚ್ಚು, ಅಂದರೆ ಮೂವರಲ್ಲಿ ಒಬ್ಬರು. ಬೆನ್ನುನೋವಿನ ಕೂಲಿಯವನೂ ಅದರಲ್ಲಿದ್ದಾನೆ. ಇದನ್ನು ‘ವಿಶೇಷ’ ಸೇವೆ ಎಂದು ಕರೆಯುವುದೇ ತಪ್ಪು. 2023ರ ವಿಶ್ವ ಆರೋಗ್ಯ ಸಭೆ ಪುನರ್ವಸತಿಯನ್ನು ಆರೋಗ್ಯ ವ್ಯವಸ್ಥೆಯೊಳಗೇ ಬಲಪಡಿಸಬೇಕೆಂದು ನಿರ್ಣಯ ಕೈಗೊಂಡಿತು.

ಖರ್ಚು ಈಗಲೂ ಆಗುತ್ತಲೇ ಇದೆ, ಸರ್ಕಾರದ ಲೆಕ್ಕಕ್ಕೆ ಬರುವುದಿಲ್ಲ ಅಷ್ಟೇ. ‘ಮನೆಯವರು’ ಎಂದರೆ ಯಾರು? ಹೆಂಡತಿ, ಸೊಸೆ, ಶಾಲೆ ಬಿಟ್ಟ ಮಗಳು. ಹೊಲದ ಕೂಲಿ ಬಿಟ್ಟು ಅರವತ್ತು ಕಿಲೋ ತೂಕದ ಗಂಡಸನ್ನು ದಿನಕ್ಕೆ ಆರು ಸಲ ಎತ್ತಿ ಕೂರಿಸುವವರು. ಅವರ ಸೊಂಟ ಹೋಗುತ್ತದೆ, ಪಗಾರ ಹೋಗುತ್ತದೆ. ಕುಟುಂಬ ವ್ಯವಸ್ಥೆಯ ಹಿರಿಮೆ ಹಾಡುವವರು ಎತ್ತುವ ಪಾಳಿಯಲ್ಲಿ ಇರುವುದಿಲ್ಲ. ಎಣ್ಣೆ ತಿಕ್ಕುವವರ ಹತ್ತಿರ ಜನ ದುಡ್ಡು ಸುರಿಯುತ್ತಾರೆಂದು ಓದಿದವರು ನಗುತ್ತಾರೆ. ಆದರೆ ಆತ ಬಿದ್ದ ಕೈಯನ್ನು ಮುಟ್ಟುತ್ತಾನೆ, ಅರ್ಧ ತಾಸು ಕೂರುತ್ತಾನೆ, ಮತ್ತೆ ಯಾವ ವಾರ ಬರಬೇಕೆಂದು ಹೇಳುತ್ತಾನೆ. ಚೀಟಿಯಲ್ಲಿ ಇರಬೇಕಾಗಿದ್ದದ್ದು ಇದೇ ಮೂರು.

ಅಂಗವಿಕಲರ ಚಳವಳಿಯ ಗೆಳೆಯರು ಇನ್ನೊಂದು ಆಕ್ಷೇಪ ಎತ್ತುತ್ತಾರೆ: ನಮ್ಮನ್ನು ರಿಪೇರಿ ಮಾಡಬೇಡಿ, ಮೆಟ್ಟಿಲನ್ನು ರಿಪೇರಿ ಮಾಡಿ. ಮೆಟ್ಟಿಲ ಮಾತಿಗೆ ನನ್ನ ಪೂರ್ತಿ ಸಹಮತವಿದೆ. ಆದರೆ ಒಳ್ಳೆಯ ಪುನರ್ವಸತಿ ಎಂದರೆ ‘ಎಲ್ಲರಂತೆ’ ಮಾಡುವುದಲ್ಲ. ವೆಲ್ಲೂರಿನ ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಅವರ ಕಾಲು ಮರಳಿ ಬರಲಿಲ್ಲ. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಪುನರ್ವಸತಿ ವೈದ್ಯಕೀಯ ಕಲಿತು ಬಂದು ವೆಲ್ಲೂರಿನಲ್ಲಿ ಅದರ ವಿಭಾಗವನ್ನೇ ಕಟ್ಟಿದರು. ಅವರು ಬಯಸಿದ ಕೆಲಸ ಅವರಿಗೆ ಮರಳಿ ಸಿಕ್ಕಿತು. ಏನು ಮರಳಿ ಬೇಕು ಎಂಬುದನ್ನು ಆ ವ್ಯಕ್ತಿಯೇ ಹೇಳಬೇಕು, ಉಳಿದವರು ಅದಕ್ಕೆ ದುಡಿಯಬೇಕು.

ಕರ್ನಾಟಕಕ್ಕೆ ಇದರಲ್ಲಿ ಅನುಕೂಲವೂ ಒಂದಿದೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ಅಂಗವಿಕಲರೇ, ಗೌರವಧನದ ಮೇಲೆ ದುಡಿಯುವವರು. ಹುದ್ದೆಯ ಹೆಸರಿನಲ್ಲೇ ಪುನರ್ವಸತಿ ಇದೆ. ನಾನು ಕಂಡಂತೆ ಅವರ ದಿನ ಕಳೆಯುವುದು ಮಾಸಾಶನದ ಅರ್ಜಿ, ಗುರುತಿನ ಚೀಟಿ, ಸಮೀಕ್ಷೆಯ ನಮೂನೆಗಳಲ್ಲಿ. ಇವರಿಗೆ ಸರಿಯಾದ ತರಬೇತಿ, ಬದುಕಲು ಸಾಕಾಗುವ ಸಂಬಳ, ಮೇಲ್ವಿಚಾರಣೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಾಯಂ ಫಿಸಿಯೋಥೆರಪಿಸ್ಟ್, ವಾರಕ್ಕೊಮ್ಮೆಯಾದರೂ ಮಾತಿನ ತಜ್ಞರು ಸಿಕ್ಕರೆ, ಅಟೆಂಡ್ ಸಂಶೋಧಕರು ಮುಂದೆ ಪರೀಕ್ಷಿಸಬೇಕು ಎಂದ ದಾರಿಯನ್ನು ನಾವೇ ನಡೆದು, ಅಳೆದು ನೋಡಬಹುದು.

ವಿಮೆಯ ನಿಯಮದಲ್ಲಿ ಆಗಬೇಕಾದದ್ದೂ ಸರಳ. ಹದಿನೈದು ದಿನದ ಗಡಿ ತೆಗೆದು, ಆರು ತಿಂಗಳವರೆಗಿನ ಪುನರ್ವಸತಿಯನ್ನು ಗಂಟೆಯ ಲೆಕ್ಕದಲ್ಲಿ ಸೇರಿಸಲಿ. ಅದನ್ನು ಯಾರು, ಎಲ್ಲಿ, ಯಾವ ದಿನದಿಂದ ಕೊಡುತ್ತಾರೆಂದು ಬರೆಯದ ಡಿಸ್ಚಾರ್ಜ್ ಚೀಟಿಗೆ ಆಸ್ಪತ್ರೆಯ ಬಿಲ್ಲು ಪಾವತಿಯಾಗಬಾರದು. ಮಾತ್ರೆಯ ಹೆಸರು ಬರೆಯದೆ ‘ಏನಾದರೂ ಕೊಡಿ’ ಎಂದು ಯಾವ ವೈದ್ಯರೂ ಸಹಿ ಹಾಕುವುದಿಲ್ಲ. ‘ಮನೆಯಲ್ಲೇ ಮಾಡಿಸಿ’ ಎಂಬ ಸಾಲಿನ ಕೆಳಗೂ ಅವರು ಸಹಿ ಹಾಕದಂತಾಗಬೇಕು.