ಗುದ್ದಲಿ ಪೂಜೆಗೆ ಮುನ್ನ ಅರ್ಧ ಹಾಳೆ ಬರೆಯಿರಿ



ಈ ಪುಟದಲ್ಲಿ ಸಾಮಾನ್ಯವಾಗಿ ಬೀಜ, ಗೊಬ್ಬರ, ಕೀಟ, ರೋಗಗಳ ಮಾತೇ ಇರುತ್ತದೆ. ಈ ವಾರ ಬೇರೆ ವಿಷಯ ಹೇಳಬೇಕೆನಿಸಿದೆ. ಬೆಳೆ ನೋಡಲು ಹಳ್ಳಿಗಳಿಗೆ ಹೋದಾಗಲೆಲ್ಲ ಅರ್ಧಕ್ಕೆ ನಿಂತ ಮನೆಗಳು ಒಂದೆರಡಾದರೂ ಕಣ್ಣಿಗೆ ಬೀಳುತ್ತವೆ. ಒಂದು ಕಡೆ ಗೋಡೆ ಎದ್ದಿದೆ, ಛಾವಣಿಯಿಲ್ಲ. ಇನ್ನೊಂದು ಕಡೆ ಛಾವಣಿಯಿದೆ, ಗಾರೆಯಾಗಿಲ್ಲ. ಕಂಬಿಗಳು ಮಳೆಯಲ್ಲಿ ತುಕ್ಕು ಹಿಡಿಯುತ್ತಿವೆ. ಕೇಳಿದರೆ "ಮೇಸ್ತ್ರಿ ಕೈ ಕೊಟ್ಟ ಸ್ವಾಮಿ" ಎನ್ನುತ್ತಾರೆ. ಅದೇ ಮೇಸ್ತ್ರಿ ಪಕ್ಕದ ಊರಿನಲ್ಲಿ ಸಿಕ್ಕರೆ "ದುಡ್ಡು ಕೊಡಲಿಲ್ಲ, ಎಷ್ಟು ದಿನ ಅಂತ ಕಾಯಲಿ?" ಎನ್ನುತ್ತಾರೆ.

ಇಬ್ಬರ ಮಾತನ್ನೂ ಕೇಳಿ ಕೇಳಿ ನನಗೆ ಒಂದು ಅಭಿಪ್ರಾಯ ಬಲವಾಗಿದೆ. ಈ ಜಗಳಗಳಲ್ಲಿ ಮೋಸದಿಂದ ಹುಟ್ಟಿದವು ಕೆಲವು ಮಾತ್ರ. ಬಹುಪಾಲು ಬಾಯಿಮಾತಿನಿಂದ ಹುಟ್ಟಿದವು. ಹೊಲವನ್ನು ಕೋರಿಗೆ ಕೊಡುವಾಗ ಬೀಜ ಯಾರದು, ಗೊಬ್ಬರ ಯಾರದು, ಹುಲ್ಲು ಯಾರಿಗೆ ಎಂದು ನಾವು ಬಿಡಿಸಿ ಕೇಳುತ್ತೇವೆ. ಜೀವಮಾನದಲ್ಲಿ ಒಮ್ಮೆ ಕಟ್ಟುವ ಮನೆಯನ್ನು ಮಾತ್ರ ಎಲೆ ಅಡಿಕೆ ಕೊಟ್ಟು "ಎಲ್ಲಾ ನೀವೇ ನೋಡಿಕೊಳ್ಳಿ ಮೇಸ್ತ್ರಿ" ಎಂದು ಒಪ್ಪಿಸಿಬಿಡುತ್ತೇವೆ. ತಪ್ಪಿನ ಅರ್ಧ ಪಾಲು ಅಲ್ಲಿಯೇ ಇದೆ.

ಚದರದ ಲೆಕ್ಕ

ಕೂಲಿ ಗುತ್ತಿಗೆಯನ್ನು ನಮ್ಮ ಕಡೆ ಚದರದ ಮೇಲೆ ಮಾತಾಡುತ್ತಾರೆ. ಒಂದು ಚದರವೆಂದರೆ 100 ಚದರಡಿ. ಹೊರಗೋಡೆ ಸೇರಿ 24 ಅಡಿ ಅಗಲ, 30 ಅಡಿ ಉದ್ದದ ಮನೆ 720 ಚದರಡಿ, ಅಂದರೆ 7.2 ಚದರ. ಮನೆಯವರ ಮನಸ್ಸಿನಲ್ಲಿರುವುದು ಈ ಲೆಕ್ಕ. ಕೆಲಸ ಮುಗಿಯುವ ಹೊತ್ತಿಗೆ ಮೇಸ್ತ್ರಿಯವರು ಪೋರ್ಟಿಕೊ, ಸಜ್ಜಾ, ಮೆಟ್ಟಿಲು, ನೀರಿನ ಸಂಪು ಎಲ್ಲ ಸೇರಿಸಿ 9 ಚದರ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಯಾವುದು ಲೆಕ್ಕಕ್ಕೆ, ಯಾವುದು ಲೆಕ್ಕದ ಹೊರಗೆ ಎಂಬುದನ್ನು ಮೊದಲೇ ಮಾತಾಡಿರಲಿಲ್ಲ, ಅಷ್ಟೇ.

ಆದ್ದರಿಂದ ಗುದ್ದಲಿ ಪೂಜೆಗೆ ಮುನ್ನವೇ ಅರ್ಧ ಹಾಳೆಯಲ್ಲಿ ಇಷ್ಟನ್ನು ಬರೆದು, ಇಬ್ಬರೂ ಸಹಿ ಮಾಡಿ, ಒಂದೊಂದು ಪ್ರತಿ ಇಟ್ಟುಕೊಳ್ಳಿರಿ:

(1) ಚದರಕ್ಕೆ ಎಷ್ಟು, ಒಟ್ಟು ಎಷ್ಟು ಚದರ, ಸಜ್ಜಾ, ಮೆಟ್ಟಿಲು, ಸಂಪು, ಪ್ಯಾರಪೆಟ್ಟು ಇದರಲ್ಲಿ ಸೇರಿವೆಯೇ?

(2) ಪಾಯದ ಆಳ, ಅಗಲ ಎಷ್ಟು? ಇದಕ್ಕೂ ಮೊದಲು ನಿವೇಶನದಲ್ಲಿ ಒಂದು ಗುಂಡಿ ತೆಗೆಸಿ ಮಣ್ಣು ನೋಡಿ. ಎರೆಭೂಮಿ ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಕೆಂಪುಮಣ್ಣಿನ ಪಾಯದ ಲೆಕ್ಕ ಅಲ್ಲಿ ನಡೆಯದು. ಅಂಥ ಕಡೆ ಇಂಜಿನಿಯರರನ್ನು ಒಮ್ಮೆ ಕರೆಸುವ ಖರ್ಚು ದಂಡವಲ್ಲ.

(3) ಸೆಂಟ್ರಿಂಗ್ ಹಲಗೆ, ಕಾಂಕ್ರೀಟು ಕಲಸುವ ಯಂತ್ರ, ವೈಬ್ರೇಟರು ಇವುಗಳ ಬಾಡಿಗೆ ಯಾರದು?

(4) ಕ್ಯೂರಿಂಗ್ ನೀರು ಹಾಕುವ ಹೊಣೆ ಯಾರದು?

(5) ಕೆಲಸ ಒಡೆದು ಮತ್ತೆ ಕಟ್ಟಿದರೆ ಖರ್ಚು ಯಾರದು? ಮೇಸ್ತ್ರಿಯ ತಪ್ಪಾದರೆ ಅವರದು. ಮನೆಯವರು ಮನಸ್ಸು ಬದಲಿಸಿದ್ದರೆ ಮನೆಯವರದು.

ಹಣ ಕೆಲಸದ ಹಿಂದೆ ಬರಲಿ

ಸರ್ಕಾರದ ವಸತಿ ಯೋಜನೆಗಳಲ್ಲಿ ಪೂರ್ತಿ ಹಣ ಒಮ್ಮೆಗೇ ಬರುವುದಿಲ್ಲ. ಒಂದು ಹಂತ ಮುಗಿದದ್ದನ್ನು ಫೋಟೊ ಸಮೇತ ಖಚಿತ ಮಾಡಿಕೊಂಡ ಮೇಲೆ ಮುಂದಿನ ಕಂತು. ಇದನ್ನು ಬೈಯುವವರಿದ್ದಾರೆ, ಆದರೆ ಪದ್ಧತಿ ಒಳ್ಳೆಯದು. ನೀವೂ ಅದನ್ನೇ ಅನುಸರಿಸಿ. ಒಟ್ಟು ಕೂಲಿಯನ್ನು ನೂರು ರೂಪಾಯಿ ಎಂದಿಟ್ಟುಕೊಂಡರೆ ಮುಂಗಡ 10, ಪಾಯ ಮುಗಿದಾಗ 20, ಲಿಂಟಲು ಮಟ್ಟಕ್ಕೆ 20, ಛಾವಣಿಗೆ 25, ಗಾರೆಗೆ 15, ನೆಲ ಮತ್ತು ಉಳಿದ ಸಣ್ಣಪುಟ್ಟ ಕೆಲಸವೆಲ್ಲ ಮುಗಿದ ಮೇಲೆ 10. ಗೌರಿ ಹಬ್ಬದ ಖರ್ಚಿಗೆಂದೋ ಮಗಳ ಮದುವೆಗೆಂದೋ ಮೇಸ್ತ್ರಿಯವರು ಮಧ್ಯೆ ಕೇಳಿದರೆ ಕೊಡಬಾರದೆಂದಲ್ಲ. ಕೊಟ್ಟದ್ದನ್ನು ತಾರೀಖು ಹಾಕಿ ಅದೇ ಹಾಳೆಯ ಹಿಂಬದಿಯಲ್ಲಿ ಬರೆದು ಸಹಿ ಪಡೆಯಿರಿ.

ಇಲ್ಲಿ ಒಂದು ಎಚ್ಚರಿಕೆ. ಬೆಳೆ ಸಾಲದ ಹಣವನ್ನು ಗೋಡೆಗೆ ಹಾಕಬೇಡಿ. ಗೋಡೆ ಸುಗ್ಗಿ ಕೊಡುವುದಿಲ್ಲ. ಸಾಲ ಸುಸ್ತಿಯಾದರೆ ಬಡ್ಡಿಯ ರಿಯಾಯಿತಿ ಹೋಗುತ್ತದೆ, ಮುಂದಿನ ಬಿತ್ತನೆಗೆ ಕೈ ಖಾಲಿಯಾಗುತ್ತದೆ, ಮನೆಯೂ ಅರ್ಧಕ್ಕೆ ನಿಲ್ಲುತ್ತದೆ. ಕೈಯಲ್ಲಿರುವ ಹಣಕ್ಕೆ ಎರಡು ಕೋಣೆ ಪೂರ್ತಿ ಮುಗಿಸಿ ಒಳಗೆ ಹೋಗಿ. ಉಳಿದದ್ದಕ್ಕೆ ಜಾಗ ಬಿಟ್ಟಿರಿ.

ಸಾಮಾನನ್ನು ಅಳೆದು ಇಳಿಸಿ

ಮರಳು, ಜಲ್ಲಿಯನ್ನು "ಲೋಡು" ಎಂದು ಕೊಳ್ಳುತ್ತೇವೆ. ಟ್ರೈಲರಿನ ಒಳ ಅಳತೆ 10 ಅಡಿ ಉದ್ದ, 6 ಅಡಿ ಅಗಲವಿದ್ದು 2 ಅಡಿ ಎತ್ತರಕ್ಕೆ ತುಂಬಿದ್ದರೆ 120 ಘನ ಅಡಿ. ಅರ್ಧ ಅಡಿ ಕಡಿಮೆಯಿದ್ದರೆ 90 ಮಾತ್ರ. ಮರಳು ತೇವವಾಗಿದ್ದರೆ ಉಬ್ಬಿ ನೂರಕ್ಕೆ 20ರಿಂದ 30ರಷ್ಟು ಹೆಚ್ಚಾಗಿ ಕಾಣುವುದೂ ಉಂಟು. ಟೇಪು ಹಿಡಿದು ಅಳೆದ ಮೇಲೆಯೇ ಇಳಿಸಿಕೊಳ್ಳಿ.

ಕಂಬಿಯಲ್ಲೂ ಹಾಗೆಯೇ. 12 ಮೀಟರು ಉದ್ದದ ಒಂದು ಪೂರ್ಣ ಕಂಬಿ 12 ಮಿಲಿಮೀಟರಿನದಾದರೆ ಸುಮಾರು 10.6 ಕಿಲೊ, 8 ಮಿಲಿಮೀಟರಿನದಾದರೆ ಸುಮಾರು 4.7 ಕಿಲೊ ತೂಗಬೇಕು. ಎಣಿಸಿ ಗುಣಿಸಿದರೆ ಬಿಲ್ಲಿನ ತೂಕಕ್ಕೆ ಹೆಚ್ಚುಕಡಿಮೆ ಸರಿಹೋಗಬೇಕು. ಸಿಮೆಂಟು ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ಹಳೆಯದಾದರೆ ಬೇಡ. ಯೂರಿಯಾ ಮೂಟೆಯಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಜೋಡಿಸಿ.

ನೀವು ಅಲ್ಲೇ ನಿಲ್ಲಬೇಕಾದ ದಿನಗಳು

ಪ್ರತಿದಿನ ಮೇಸ್ತ್ರಿಯ ಹಿಂದೆ ನಿಂತು ಇಟ್ಟಿಗೆ ಎಣಿಸಬೇಕಾಗಿಲ್ಲ. ಅದರಿಂದ ಕೆಲಸವೂ ಕೆಡುತ್ತದೆ, ಮನಸ್ಸೂ ಕೆಡುತ್ತದೆ. ಆದರೆ ಪಾಯ ತುಂಬುವ ದಿನ, ಕಂಬಿ ಕಟ್ಟಿ ಮುಗಿದ ದಿನ, ಛಾವಣಿಗೆ ಕಾಂಕ್ರೀಟು ಹಾಕುವ ದಿನ ಹೊಲದ ಕೆಲಸ ಏನೇ ಇರಲಿ, ನೀವು ಸ್ಥಳದಲ್ಲಿರಬೇಕು.

ಕಾಂಕ್ರೀಟಿನ ಹಿಂದಿನ ದಿನವೇ ವೈರಿಂಗ್‌ನವರನ್ನೂ ನಲ್ಲಿ ಕೆಲಸದವರನ್ನೂ ಕರೆಸಿ ಪೈಪುಗಳನ್ನು ಹಾಕಿಸಿ. ಇದನ್ನು ಮರೆತರೆ ಗಟ್ಟಿಯಾದ ಛಾವಣಿಯನ್ನು, ಗಾರೆಯಾದ ಗೋಡೆಯನ್ನು ಒಡೆಯಬೇಕು. ಆಗ ಗಾರೆಯವರು ವೈರಿಂಗ್‌ನವರನ್ನು ದೂರುತ್ತಾರೆ, ವೈರಿಂಗ್‌ನವರು ಗಾರೆಯವರನ್ನು ದೂರುತ್ತಾರೆ. ಹಣ ಹೋಗುವುದು ನಿಮ್ಮದು.

ಛಾವಣಿಗೆ ಸಾಮಾನ್ಯವಾಗಿ ಹೇಳುವ ಮಿಶ್ರಣ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಬುಟ್ಟಿ ಲೆಕ್ಕ ಬೇಡ. ಒಂದು ಚೀಲ ಸಿಮೆಂಟು ಸುಮಾರು 35 ಲೀಟರು ಹಿಡಿಯುತ್ತದೆ, ಅಷ್ಟೇ ಅಳತೆಯ ಪೆಟ್ಟಿಗೆ ಮಾಡಿಸಿ. 50 ಕಿಲೊ ಚೀಲಕ್ಕೆ ನೀರು 30 ಲೀಟರು ಮೀರಬಾರದು, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಸುರಿಯಲು ಸಲೀಸಾಗಲೆಂದು ಆಳುಗಳು ಮತ್ತೊಂದು ಕೊಡ ನೀರು ಬಗ್ಗಿಸುತ್ತಾರೆ. ಆ ಹೆಚ್ಚಿನ ನೀರು ಆರಿದ ಜಾಗವೆಲ್ಲ ಸಣ್ಣ ತೂತಾಗಿ ಉಳಿಯುತ್ತದೆ. ಮಳೆಗಾಲದಲ್ಲಿ ಛಾವಣಿ ಜಿನುಗುವುದಕ್ಕೆ ಇದೂ ಒಂದು ಕಾರಣ.

ಸೆಂಟ್ರಿಂಗ್ ಹಲಗೆಗೆ ದಿನದ ಬಾಡಿಗೆಯಾದ್ದರಿಂದ ಬೇಗ ಬಿಚ್ಚುವ ಆತುರ ಎಲ್ಲರಿಗೂ ಇರುತ್ತದೆ. ಗೋಡೆಯಿಂದ ಗೋಡೆಗೆ 15 ಅಡಿಯೊಳಗಿನ ಛಾವಣಿಗೆ ಊರೆಗಳು ಕಡೇಪಕ್ಷ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ಇರಲೇಬೇಕು. ತೊಲೆಗಳಿಗೆ 14 ದಿನ, 20 ಅಡಿ ಮೀರಿದ್ದರೆ 21 ದಿನ. ಪಿಪಿಸಿ ಸಿಮೆಂಟಾದರೆ ಇನ್ನೂ ಕೆಲವು ದಿನ ಬಿಡುವುದು ಕ್ಷೇಮ. ಬಾಡಿಗೆಯನ್ನು ದಿನಕ್ಕೆ ಮಾತಾಡದೆ ಇಷ್ಟು ದಿನಕ್ಕೆಂದು ಒಟ್ಟಾಗಿ ಮಾತಾಡಿದರೆ ಆತುರವೇ ಇರುವುದಿಲ್ಲ.

ನೀರು ಮತ್ತು ಕಾಲ

ನಾವು ಯುಗಾದಿ ಕಳೆಯಲೆಂದು ಕಾದು, ಬಿರುಬೇಸಿಗೆಯಲ್ಲಿ ಮನೆ ಶುರು ಮಾಡುತ್ತೇವೆ. ಆಗ ಬಾವಿ, ಕೊಳವೆ ಬಾವಿಗಳ ನೀರು ತಳ ಹಿಡಿದಿರುತ್ತದೆ, ಆಳುಗಳಿಗೆ ಎಲ್ಲ ಕಡೆ ಬೇಡಿಕೆ. ಛಾವಣಿ ಬೀಳುವ ಹೊತ್ತಿಗೆ ಮುಂಗಾರು. ನೀವು ಹೊಲಕ್ಕೆ ಓಡುತ್ತೀರಿ, ಆಳುಗಳೂ ಓಡುತ್ತಾರೆ. ಅರ್ಧಕ್ಕೆ ನಿಂತ ಮನೆಗಳಲ್ಲಿ ಹಲವು ಹೀಗೆ ನಿಂತವು. ದೀಪಾವಳಿ ಕಳೆದು ಹಿಂಗಾರಿ ಬಿತ್ತನೆ ಮುಗಿದೊಡನೆ ಪಾಯ ತೆಗೆದರೆ ನೀರೂ ಇರುತ್ತದೆ, ಶಿವರಾತ್ರಿಯ ಹೊತ್ತಿಗೆ ಛಾವಣಿಯೂ ಆಗುತ್ತದೆ ಎಂಬುದು ನನ್ನ ಸಲಹೆ.

ಕಾಂಕ್ರೀಟಿಗೆ ಕಡೇಪಕ್ಷ 7 ದಿನ, ಪಿಪಿಸಿ ಸಿಮೆಂಟಾದರೆ 10 ದಿನ ಕ್ಯೂರಿಂಗ್ ಬೇಕು; 14 ದಿನ ಮಾಡಿದರೆ ಇನ್ನೂ ಒಳ್ಳೆಯದು. ಛಾವಣಿಯ ಮೇಲೆ ಮಣ್ಣಿನ ಬದು ಹಾಕಿ ಗದ್ದೆಯ ಮಡಿಯಂತೆ ನೀರು ನಿಲ್ಲಿಸಿ. ಗೋಡೆ, ಕಂಬಗಳಿಗೆ ಒದ್ದೆ ಗೋಣಿತಾಟು ಸುತ್ತಿ. ನಾಟಿಗೆ ನೀರು ಕಟ್ಟಲು ಬರುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಮೇಸ್ತ್ರಿಯ ಕಡೆಯಿಂದಲೂ ನೋಡಿ

ಕೊನೆಯದಾಗಿ ಒಂದು ಮಾತು. ಮೇಸ್ತ್ರಿಯಾಗಲಿ, ಬಡಗಿಯಾಗಲಿ ನಿಮ್ಮಂತೆಯೇ ಕೈಕೆಲಸದಿಂದ ಬದುಕುವವರು. ಶನಿವಾರ ಸಂಜೆ ಆಳುಗಳಿಗೆ ಬಟವಾಡೆ ಮಾಡಲು ಅವರ ಕೈಯಲ್ಲಿ ಹಣವಿಲ್ಲದಿದ್ದರೆ ಸೋಮವಾರ ಆಳುಗಳು ಬರುವುದಿಲ್ಲ. ಸಾಮಾನು ತರಿಸದೆ ಮೂರು ದಿನ ಕೂರಿಸಿದರೆ ಅವರು ಬೇರೆ ಕೆಲಸ ಹಿಡಿಯುವುದು ಸಹಜ. ಮಂಡಿಯಲ್ಲಿ ನಮ್ಮ ಮಾಲಿನ ಹಣ ತಡವಾದರೆ ನಮಗೆಷ್ಟು ಸಂಕಟವೋ ಅವರಿಗೂ ಅಷ್ಟೇ. ಹಂತ ಮುಗಿದ ದಿನವೇ ಲೆಕ್ಕ ಮಾಡಿ ಹಣ ಕೊಡುವವನ ಮನೆಗೆ ಒಳ್ಳೆಯ ಕೆಲಸಗಾರರು ತಾವಾಗಿಯೇ ಬರುತ್ತಾರೆ.

"ಕಾಗದ ಬರೆಸಿದರೆ ನಂಬಿಕೆ ಇಲ್ಲವೆಂದು ಬೇಜಾರಾಗುತ್ತಾರೆ" ಎಂದು ನೀವು ಹೇಳಬಹುದು. ಒಳ್ಳೆಯ ಮೇಸ್ತ್ರಿ ಬೇಜಾರಾಗುವುದಿಲ್ಲ, ಏಕೆಂದರೆ ಆ ಹಾಳೆ ಅವರನ್ನೂ ಕಾಯುತ್ತದೆ. ಬರೆಯಲು ಒಪ್ಪದವರಿದ್ದರೆ, ಪಾಯ ತೆಗೆಯುವ ಮೊದಲೇ ಅದು ತಿಳಿದದ್ದು ಲಾಭವೇ. ಊರಿನಲ್ಲಿ ಈಚೆಗೆ ಮನೆ ಮುಗಿಸಿದ ಇಬ್ಬರನ್ನು ಕೇಳಿ, ಅವರ ಮನೆಯ ಛಾವಣಿಯನ್ನು ಮಳೆಯ ಮರುದಿನ ನೋಡಿ, ಆಮೇಲೆ ಮೇಸ್ತ್ರಿಯನ್ನು ಆರಿಸಿ. ಎಲೆ ಅಡಿಕೆಯನ್ನು ಧಾರಾಳವಾಗಿ ಕೊಡಿ; ಅದರ ಜೊತೆಗೆ ಆ ಅರ್ಧ ಹಾಳೆಯೂ ಇರಲಿ.